ಹೊಟ್ಟೆಯ ಜೋಲು ಚರ್ಮ ತೆಗೆಸಿಕೊಂಡ ಮೇಲೆ ಮನೆಯಲ್ಲಿ ದಿನ ಕಳೆಯುವುದು ಹೇಗೆ? (ಮುಂಬಯಿ ಸೆಕೆ, ಬಿಗಿಬೆಲ್ಟು, ಚಿಕ್ಕ ಮನೆ)

ದೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿ ಎರಡು ವರ್ಷವಾಗುತ್ತಾ ಬಂತು. ತೂಕ ಇಳಿದು ಒಂದು ಕಡೆ ನಿಂತಿದೆ. ಚರ್ಮ ಮಾತ್ರ ಜೋತುಬಿದ್ದು ಉಳಿದಿದೆ. ಹೊಟ್ಟೆಯ ಮಡಿಕೆಯ ಕೆಳಗೆ ಮಳೆಗಾಲ ಪೂರ್ತಿ ಬೆವರು, ಕೆರೆತ, ಫಂಗಸ್, ಮುಲಾಮು, ಮತ್ತೆ ಬೆವರು. ಕಡೆಗೂ ಅಬ್ಡಾಮಿನೋಪ್ಲಾಸ್ಟಿ, ಅಂದರೆ ಹೊಟ್ಟೆಯ ಜೋಲು ಚರ್ಮ ತೆಗೆದು ಹೊಲಿಯುವ ಆಪರೇಷನ್, ಮಾಡಿಸುವುದೆಂದು ತೀರ್ಮಾನವಾಗಿದೆ. ಜೊತೆಗೆ ಪಕ್ಕೆಗಳಿಗೆ ಸ್ವಲ್ಪ ಲೈಪೊಸಕ್ಷನ್ (ನಳಿಕೆಯಿಂದ ಕೊಬ್ಬು ಹೀರಿ ತೆಗೆಯುವುದು).

ವೈದ್ಯರು ಆಪರೇಷನ್ ಬಗ್ಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ನನ್ನ ಪ್ರಶ್ನೆಗಳು ಅವರ ಮುಂದೆ ಕೇಳಲು ಸಂಕೋಚವಾಗುವಷ್ಟು ಸಣ್ಣವು. ನಮ್ಮದು ಒಂದು ಬೆಡ್‌ರೂಮಿನ ಮನೆ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಬೆಳಿಗ್ಗೆ ಒಂದೇ ಹೊತ್ತು ನೀರು ಬರುತ್ತದೆ, ಆಗಲೇ ತುಂಬಿಡಬೇಕು. ಅತ್ತೆಗೆ ಮೊಣಕಾಲು ನೋವು, ಪತಿಗೆ ಪಾಳಿ ಕೆಲಸ, ಮಗ ಎಂಟನೆಯ ತರಗತಿ. ಮಲಗುವುದು ಹೇಗೆ, ಏಳುವುದು ಹೇಗೆ, ಆಪರೇಷನ್ ಆದ ಮೇಲೆ ಹೊಟ್ಟೆಗೆ ಕಟ್ಟುವ ಆ ಬಿಗಿಬೆಲ್ಟನ್ನು ಈ ಸೆಕೆಯಲ್ಲಿ ಹಗಲೂ ರಾತ್ರಿ ಕಟ್ಟಿಕೊಂಡಿರುವುದು ಹೇಗೆ? ಅನುಭವ ಇರುವವರು ಹೇಳಿ. "ಧೈರ್ಯವಾಗಿರಿ" ಎಂದು ಬರೆಯುವವರು ಅದರ ಜೊತೆಗೆ ಉಪಯೋಗಕ್ಕೆ ಬರುವ ಒಂದು ಮಾತನ್ನೂ ಬರೆಯಿರಿ.

ಮುಲುಂಡಿನ ಅಕ್ಕ

ಧೈರ್ಯ ಹೇಳುವುದಿಲ್ಲ, ಕೆಲಸ ಹೇಳುತ್ತೇನೆ. ನನಗೆ ಇದೇ ಆಪರೇಷನ್ ಆಗಿ ಒಂದು ಬೇಸಿಗೆ ಕಳೆದಿದೆ. ನೋವಿಗೆ ಮಾತ್ರೆ ಕೊಡುತ್ತಾರೆ, ಅದು ಕೆಲಸ ಮಾಡುತ್ತದೆ. ಮಾತ್ರೆ ಇಲ್ಲದಿರುವುದು ಕಿರಿಕಿರಿಗೆ. ಅದನ್ನು ಆಪರೇಷನ್‌ಗೆ ಮೊದಲೇ ಮನೆಯನ್ನು ಸಜ್ಜುಮಾಡಿ ಕಡಿಮೆ ಮಾಡಿಕೊಳ್ಳಬೇಕು, ಆಮೇಲೆ ಆಗುವುದಿಲ್ಲ.

ಮೊದಲು ಹಾಸಿಗೆ. ಕೆಲವು ದಿನ ಚಪ್ಪಟೆಯಾಗಿ ಅಂಗಾತ ಮಲಗುವಂತಿಲ್ಲ. ಮೇಲಿನ ಚರ್ಮವನ್ನು ಕೆಳಕ್ಕೆ ಎಳೆದು ಹೊಲಿದಿರುತ್ತಾರೆ. ಒಳಗೆ ಅಗಲಿದ ಸ್ನಾಯುಗಳನ್ನೂ ಹತ್ತಿರ ತಂದು ಹೊಲಿದಿದ್ದರೆ ಬಿಗಿತ ಇನ್ನೂ ಹೆಚ್ಚು. ತಲೆ ಮತ್ತು ಬೆನ್ನು ಎತ್ತರದಲ್ಲಿ, ಮೊಣಕಾಲಿನ ಕೆಳಗೆ ದಿಂಬು, ಸೊಂಟ ಸ್ವಲ್ಪ ಮಡಿಸಿಕೊಂಡು ಇರಬೇಕು. ಬರೀ ದಿಂಬಿನ ಗುಡ್ಡೆ ಕಟ್ಟಿದರೆ ನಡುರಾತ್ರಿ ಅವು ಒಂದೊಂದಾಗಿ ಜಾರುತ್ತವೆ. ತಲೆ ಮತ್ತು ಕಾಲಿನ ಕಡೆ ಎತ್ತರಿಸುವ ಆಸ್ಪತ್ರೆಯ ಮಂಚ ಮುಂಬಯಿಯಲ್ಲೂ ಪುಣೆಯಲ್ಲೂ ತಿಂಗಳ ಬಾಡಿಗೆಗೆ ಸಿಗುತ್ತದೆ. ಬಿಡಿಭಾಗವಾಗಿ ತಂದು ಜೋಡಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ನಿಮ್ಮದು ಮೂರನೆಯ ಮಹಡಿ. ನಮ್ಮ ನಡುಮನೆಗೆ ಅದು ಬಂದು ಕೂತಾಗ ಟೀಪಾಯಿ ಎದುರು ಮನೆಗೆ ವಲಸೆ ಹೋಯಿತು. ಹೋಗಲಿ ಬಿಡಿ. ಬಟ್ಟೆಯ ಆರಾಮ ಕುರ್ಚಿ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲಿ ಕೂರುವುದು ಸುಖ, ಏಳುವುದು ಶಿಕ್ಷೆ.

ಏಳುವ ಬಗೆಯನ್ನು ಇವತ್ತಿನಿಂದಲೇ ಅಭ್ಯಾಸ ಮಾಡಿ. ನೇರವಾಗಿ ಎದ್ದು ಕೂರಬಾರದು. ಮೊಣಕಾಲು ಮಡಿಸಿ, ಭುಜ ಸೊಂಟ ಎರಡೂ ಒಟ್ಟಿಗೆ ಹೊರಳುವಂತೆ ಮಗ್ಗುಲಾಗಿ, ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡುತ್ತಾ ಮೊಣಕೈ ಊರಿ ಮೇಲೇಳಬೇಕು. ಭಾರವೆಲ್ಲ ಕೈಗೆ ಹೋಗಬೇಕು, ಹೊಟ್ಟೆಗಲ್ಲ. ಮಂಚದ ಯಾವ ಪಕ್ಕ ಗೋಡೆ, ಯಾವ ಪಕ್ಕ ಇಳಿಯುವ ಜಾಗ ಎಂದು ಈಗಲೇ ನಿಶ್ಚಯಿಸಿ. ಫೋನ್, ನೀರು, ಮಾತ್ರೆ, ಫ್ಯಾನಿನ ರಿಮೋಟ್ ಎಲ್ಲವೂ ಇಳಿಯುವ ಪಕ್ಕದಲ್ಲಿ, ಕೈ ಚಾಚದೆ ಸಿಗುವ ಹಾಗೆ ಇರಲಿ.

ಇನ್ನು ಅಡುಗೆಮನೆ. ಮೇಲಿನ ಕಪಾಟಿನ ಡಬ್ಬಿ, ಕೆಳಗಿನ ಖಾನೆಯ ಪಾತ್ರೆ, ದಿನಕ್ಕೆ ಬೇಕಾದವು ಮಾತ್ರ ಸೊಂಟದ ಎತ್ತರಕ್ಕೆ ಬರಲಿ. ಸುಮಾರು 6 ವಾರ 4–5 ಕಿಲೊಗಿಂತ ಹೆಚ್ಚಿನ ಭಾರ ಎತ್ತಬಾರದು ಎನ್ನುತ್ತಾರೆ. ತುಂಬಿದ ಕುಕ್ಕರ್ ಆ ಲೆಕ್ಕದಲ್ಲಿ ಬರುತ್ತದೆ. ಗ್ರೈಂಡರಿನ ಕಲ್ಲಂತೂ ಕೇಳಲೇಬೇಡಿ. ಹಿಟ್ಟು ಅಂಗಡಿಯಿಂದ ಬರಲಿ, ಅತ್ತೆಯವರು ಒಂದೆರಡು ತಿಂಗಳು ಹುಳಿ ಸಾಲದು ಎಂದು ಗೊಣಗಲಿ.

ಯಾರೂ ಹೇಳದ ಒಂದು ಮಾತು: ಒಗ್ಗರಣೆ. ಬ್ಯಾಡಗಿ ಮೆಣಸು ಎಣ್ಣೆಗೆ ಬಿದ್ದು ಘಾಟು ಎದ್ದಾಗ ಬರುವ ಒಂದು ಕೆಮ್ಮು ಹೊಲಿಗೆಯನ್ನೇ ಕಿತ್ತ ಹಾಗೆ ಅನಿಸುತ್ತದೆ. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿಸಿ. ಕೆಮ್ಮು, ಸೀನು ಬಂದೇ ಬಿಟ್ಟರೆ ಒಂದು ದಿಂಬನ್ನು ಹೊಟ್ಟೆಗೆ ಎರಡೂ ಕೈಯಿಂದ ಒತ್ತಿ ಹಿಡಿದು ಕೆಮ್ಮಿ. ನಗುವಿಗೂ ಅದೇ ದಿಂಬು. ನಮ್ಮ ಮನೆಯಲ್ಲಿ ತಮಾಷೆ ಮಾಡುವವನೊಬ್ಬನಿದ್ದಾನೆ, ಅವನನ್ನು ಒಂದು ವಾರ ಚಿಕ್ಕಮ್ಮನ ಮನೆಗೆ ಕಳಿಸಿದ್ದೆವು.

ಘಾಟ್‌ಕೋಪರಿನ ಹಿರಿಯ

ದೇವರು ಕೊಟ್ಟ ದೇಹವನ್ನು ಕತ್ತರಿಸಿ ಹೊಲಿಸಿಕೊಳ್ಳುವ ಚಟ ಈಗ ನಮ್ಮವರಿಗೂ ಬಂತು. ಯೋಗ ಮಾಡಿ, ನಡೆಯಿರಿ. ನಮ್ಮ ತಾಯಂದಿರು ಎಂಟು ಹೆತ್ತರು, ಯಾರ ಹೊಟ್ಟೆಯನ್ನೂ ಯಾರೂ ಹೊಲಿಯಲಿಲ್ಲ.

ದೊಂಬಿವಲಿ ಪೂರ್ವ

ಹಿರಿಯರೇ, ಇಳಿದ ತೂಕ ಮತ್ತೆ ಏರದಂತೆ ನಡೆದೇ ಉಳಿಸಿಕೊಂಡಿದ್ದೇನೆ. ನಡೆದರೆ ಕೊಬ್ಬು ಕರಗುತ್ತದೆ, ಹಿಗ್ಗಿ ಸಡಿಲವಾದ ಚರ್ಮ ಒಳಗೆ ಹೋಗುವುದಿಲ್ಲ. ಜುಲೈ ತಿಂಗಳಲ್ಲಿ ಆ ಮಡಿಕೆಯಲ್ಲಿ ರಕ್ತ ಜಿನುಗುವುದನ್ನು ನೀವು ನೋಡಿಲ್ಲ, ನೋಡುವುದೂ ಬೇಡ.

ಠಾಣೆಯ ದಾದಿ

ಇಪ್ಪತ್ತು ವರ್ಷಕ್ಕೂ ಮೇಲೆ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡಿದವಳು. ನಿಮ್ಮ ವೈದ್ಯರ ಮಾತೇ ಕೊನೆಯದು, ಅವರು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ನನ್ನದನ್ನು ಬಿಡಿ.

ಡ್ರೇನ್ ಇಟ್ಟು ಕಳಿಸಬಹುದು. ಅದು ಹೊಟ್ಟೆಯ ಚರ್ಮದ ಕೆಳಗಿನಿಂದ ಹೊರಬರುವ ತೆಳು ನಳಿಕೆ, ತುದಿಗೆ ಹಿಂಡಿ ಮುಚ್ಚುವ ಡಬ್ಬಿ. ಖಾಲಿ ಮಾಡುವಾಗ ಕೈ ತೊಳೆದು, ಮುಚ್ಚಳ ತೆಗೆದು, ಗುರುತು ಇರುವ ಲೋಟಕ್ಕೆ ಸುರಿದು, ಡಬ್ಬಿಯನ್ನು ಹಿಂಡಿ ಗಾಳಿ ತೆಗೆದು, ಹಿಂಡಿಕೊಂಡೇ ಮುಚ್ಚಳ ಹಾಕಬೇಕು. ಆಗಲೇ ಅದು ಒಳಗಿನ ದ್ರವವನ್ನು ಎಳೆಯುತ್ತದೆ. ಮೊದಲು ಕೆಂಪು, ಆಮೇಲೆ ಗುಲಾಬಿ, ಕೊನೆಗೆ ಹುಲ್ಲಿನ ಬಣ್ಣದ ತೆಳುನೀರು, ಇದು ಸರಿಯಾದ ಹಾದಿ. ಎಷ್ಟು ಮಿಲಿಲೀಟರ್ ಎಂದು ಗಂಟೆಯ ಸಮೇತ ಬರೆದಿಡಿ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದವರನ್ನು ಕಂಡಿದ್ದೇನೆ, ವೈದ್ಯರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. 24 ಗಂಟೆಗೆ ಸುಮಾರು 30 ಮಿಲಿಲೀಟರ್‌ಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ತೆಗೆಯುತ್ತಾರೆ. ಡಬ್ಬಿ ತೂಗಾಡಿದರೆ ನಳಿಕೆ ಹೊರಬರುವ ಜಾಗ ಉರಿಯುತ್ತದೆ. ಮುಂದೆ ಗುಂಡಿ ಇರುವ ನೈಟಿಯ ಒಳಗೆ ಜೇಬು ಹೊಲಿಸಿ ಅದರಲ್ಲಿಡಿ.

ಲೈಪೊಸಕ್ಷನ್ ಮಾಡುವ ಮುನ್ನ ಒಳಗೆ ತುಂಬಿಸಿದ ದ್ರವ ಮೊದಲ ಒಂದೆರಡು ದಿನ ಸಣ್ಣ ರಂಧ್ರಗಳಿಂದ ಸೋರುತ್ತದೆ. ಗುಲಾಬಿ ನೀರು ಹಾಸಿಗೆಯನ್ನೆಲ್ಲ ನೆನೆಸಿದರೆ ಗಾಬರಿ ಬೇಡ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆಯ ಟವೆಲ್.

ನಡಿಗೆ ಅದೇ ದಿನ ಅಥವಾ ಮಾರನೆಯ ದಿನದಿಂದ ಶುರು. ಬೆನ್ನು ಬಾಗಿಸಿಕೊಂಡೇ ನಡೆಯಿರಿ, ನೆಟ್ಟಗಾಗಲು ಒಂದೆರಡು ವಾರ ಹಿಡಿಯುತ್ತದೆ. ಎಚ್ಚರವಿದ್ದಾಗಲೆಲ್ಲ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಈ ಶಸ್ತ್ರಚಿಕಿತ್ಸೆಯ ದೊಡ್ಡ ಅಪಾಯ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಪ್ಪದೇ ಹೇಳಿ.

ಕೂಡಲೇ ಫೋನ್ ಮಾಡಬೇಕಾದದ್ದು: ಹೊಟ್ಟೆಯ ಒಂದೇ ಬದಿ ಇದ್ದಕ್ಕಿದ್ದಂತೆ ಉಬ್ಬಿ ಬಿಗಿಯಾಗುವುದು, ಡ್ರೇನಿನಲ್ಲಿ ಹಠಾತ್ತನೆ ಹೊಸ ರಕ್ತ, 101 ಡಿಗ್ರಿ ದಾಟಿದ ಜ್ವರ, ದುರ್ವಾಸನೆಯ ಕೀವು, ಗಾಯದ ಅಂಚು ಕಪ್ಪಾಗುವುದು. ಒಂದೇ ಮೀನಖಂಡ ಊದಿ ನೋಯುವುದು, ಏಕಾಏಕಿ ಉಸಿರು ಕಟ್ಟುವುದು, ಎದೆನೋವು ಬಂದರೆ ಫೋನಿನಲ್ಲಿ ಹೊತ್ತು ಕಳೆಯಬೇಡಿ, ನೇರ ತುರ್ತು ವಿಭಾಗಕ್ಕೆ.

ಘಾಟ್‌ಕೋಪರಿನ ಹಿರಿಯ

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೂ ಮಾಡಿಸಿಕೊಳ್ಳುವುದೇ ಆದರೆ ಬಕೆಟ್ ಎತ್ತುವ ಮಾತು ಬೇಡ, 15 ಲೀಟರ್ ನೀರು ಎಂದರೆ 15 ಕಿಲೊ. ನಲ್ಲಿಗೆ ಉದ್ದದ ರಬ್ಬರ್ ಪೈಪ್ ಸಿಕ್ಕಿಸಿ ನೇರ ಡ್ರಮ್ಮಿಗೆ ಬಿಡಿ. ಡ್ರಮ್ಮಿನ ಬುಡಕ್ಕೆ ಒಂದು ಸಣ್ಣ ನಲ್ಲಿ ಕೂಡಿಸಿದರೆ ಬಗ್ಗಿ ತೋಡುವ ಕೆಲಸವೂ ಇಲ್ಲ. ಎಂಟನೆಯ ತರಗತಿಯ ಹುಡುಗ ಇಷ್ಟು ನೋಡಿಕೊಳ್ಳಬಲ್ಲ.

ಮುಲುಂಡಿನ ಅಕ್ಕ

ಇದನ್ನು ಮೊದಲೇ ಹೇಳಿದ್ದರೆ ನಿಮ್ಮ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಪುಣೆ ಹಿಂಜವಡಿ

ಗಂಡಸರೂ ಇದ್ದೇವೆ ಎಂದು ಹೇಳಲು ಬರೆಯುತ್ತಿದ್ದೇನೆ. ನನ್ನದು ಎದೆಯ ಭಾಗ, ಗೈನೆಕೋಮಾಸ್ಟಿಯ, ಅಂದರೆ ಗಂಡಸರ ಎದೆ ಹೆಂಗಸರಂತೆ ಬೆಳೆಯುವುದು; ಅದರ ಆಪರೇಷನ್. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಮೂವರಿದ್ದೆವು. ಬಿಗಿ ಬನಿಯನ್ ಕಾಣದಿರಲೆಂದು ದೊಡ್ಡ ಅಂಗಿ. ತಲೆಯ ಮೇಲಿಂದ ಹಾಕುವ ಟೀ ಶರ್ಟ್ ಬೇಡ, ಕೈ ಎತ್ತಲು ಆಗುವುದಿಲ್ಲ, ಗುಂಡಿಯ ಅಂಗಿಯೇ ಸರಿ. ಲ್ಯಾಪ್‌ಟಾಪ್ ಚೀಲ ಬೆನ್ನಿಗೆ ಹಾಕಬೇಡಿ, ಪಟ್ಟಿ ಸರಿಯಾಗಿ ಗಾಯದ ಮೇಲೆ ಬರುತ್ತದೆ. ಪುಣೆಯಲ್ಲಿ ಸ್ಕೂಟರ್ ಇಲ್ಲದೆ ಬದುಕುವುದು ಕಷ್ಟ, ಆದರೂ ವೈದ್ಯರು ಒಪ್ಪುವ ತನಕ ಮುಟ್ಟಬೇಡಿ. ರಸ್ತೆಯ ಗುಂಡಿಗೆ ಬಿದ್ದಾಗ ಹ್ಯಾಂಡಲ್ ಹಿಡಿದ ಕೈ ಎದೆಯನ್ನು ಎಳೆಯುತ್ತದೆ. ಜೊತೆಯವರಿಗೆ ನಾನು ಏನನ್ನೂ ಹೇಳಿರಲಿಲ್ಲ. ಅವರಲ್ಲೊಬ್ಬ ತಾನಾಗಿಯೇ ಮೂರು ಹೊತ್ತು ಊಟ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ.

ಸಾಂತಾಕ್ರೂಜ್ ಸೊಸೆ

ತಂಬಾಕಿನ ವಿಷಯ ಯಾರೂ ಎತ್ತಲಿಲ್ಲ. ಸಿಗರೇಟು ಬಿಡಬೇಕು ಎಂದಾಗ ನಮ್ಮ ಹೆಂಗಸರು "ನಮಗೆ ಆ ಚಟವಿಲ್ಲ" ಎಂದುಬಿಡುತ್ತಾರೆ. ಹಲ್ಲಿಗೆ ಉಜ್ಜುವ ಮಿಶ್ರಿ ಸುಟ್ಟ ತಂಬಾಕಿನ ಪುಡಿಯೇ. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪೂ ಅದೇ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಎಳೆದು ಹೊಲಿದ ಚರ್ಮದ ಅಂಚಿಗೆ ರಕ್ತ ಸಾಲದೆ ಅದು ಸಾಯಬಹುದು. ಆಪರೇಷನ್ನಿಗೆ ಕನಿಷ್ಠ 4 ವಾರ ಮೊದಲು ಮತ್ತು 4 ವಾರ ನಂತರ ಎಲ್ಲ ರೂಪದ ತಂಬಾಕೂ ನಿಲ್ಲಬೇಕೆಂದು ನನ್ನ ನಾದಿನಿಗೆ ಹೇಳಿದ್ದರು. ಮಿಶ್ರಿಯ ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಳ್ಳುವುದು ಆಪರೇಷನ್ನಿಗಿಂತ ಕಷ್ಟವಾಯಿತು. ಕೇಳದೆ ಸೇವಿಸುವ ಗಿಡಮೂಲಿಕೆ ಗುಳಿಗೆ, ಬೆಳ್ಳುಳ್ಳಿ ಗುಳಿಗೆ, ಮೀನೆಣ್ಣೆಯ ಗುಳಿಗೆಗಳ ಪಟ್ಟಿಯನ್ನೂ ಕೊಡಿ, ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ.

ಅಂಧೇರಿ ಲೆಕ್ಕಿಗ

ವಿಮೆ ಕುರಿತು ಎರಡೇ ಮಾತು. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಆರೋಗ್ಯ ವಿಮೆಯ ಹೊರಗೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆ ಮತ್ತು ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ಅಗತ್ಯವೆಂದು ವೈದ್ಯರು ಪ್ರಮಾಣೀಕರಿಸಿದ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಚರ್ಮದ ವೈದ್ಯರ ಹಳೆಯ ಚೀಟಿಗಳನ್ನು ಎಸೆಯಬೇಡಿ, ಆದರೆ ಹಣ ಬಂದೇ ಬರುತ್ತದೆ ಎಂದು ಸಾಲ ಮಾಡಬೇಡಿ.

ವಾಸ್ಕೊದಿಂದ

ನನಗಾದದ್ದು ತೋಳಿನ ಆಪರೇಷನ್, ಕಂಕುಳಿಂದ ಮೊಣಕೈವರೆಗೆ ಒಳಬದಿಯಲ್ಲಿ ಉದ್ದ ಹೊಲಿಗೆ. ಹೊಟ್ಟೆಯವರಿಗೆ ನಡೆಯುವುದು ಕಷ್ಟ, ನಮಗೆ ತಲೆ ಬಾಚುವುದು. ಮೊದಲ ಕೆಲವು ವಾರ ಜಡೆ ಹಾಕಲು ಇನ್ನೊಬ್ಬರ ಕೈ ಬೇಕು. ಊತ ಅಂಗೈಯವರೆಗೂ ಹರಡುತ್ತದೆ, ಆದ್ದರಿಂದ ಮಲಗಿದಾಗ ಎರಡೂ ತೋಳು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿ ಇರಬೇಕು. ಬಳೆ ಉಂಗುರ ಮೊದಲೇ ತೆಗೆದಿಡಿ. "ಒಂದು ಜೊತೆ ಇರಲಿ" ಎಂದು ಹಿರಿಯರು ಹೇಳಿದರೆ ಅರಿಶಿನದ ದಾರ ಕಟ್ಟಿಕೊಳ್ಳುತ್ತೇನೆ ಎನ್ನಿ, ಊದಿದ ಕೈಯಿಂದ ಬಳೆ ತೆಗೆಯಲು ಕಟರ್ ತರಿಸಬೇಕಾದೀತು. ಆ ದಾರವೂ ಸಡಿಲವಾಗಿರಲಿ.

ಗೋವಾದಲ್ಲಿ ಇದ್ದುಕೊಂಡು ಸಮುದ್ರಕ್ಕೆ ಇಳಿಯದಿರುವುದು ಸಾಧ್ಯವೇ ಎಂದು ನಂಟರು ಕೇಳುತ್ತಾರೆ. ವಾಸ್ಕೊದಲ್ಲಿ ನೌಕರಿ ಮಾಡುವವರು ಸಮುದ್ರ ನೋಡುವುದು ನಂಟರು ಬಂದಾಗ ಮಾತ್ರ. ಗಾಯ ಪೂರ್ತಿ ಮುಚ್ಚುವ ತನಕ ಉಪ್ಪುನೀರು, ಈಜುಕೊಳ, ಬಾವಿ ಎಲ್ಲವೂ ದೂರ. ಬಿಸಿಲಂತೂ ಒಂದು ವರ್ಷವಾದರೂ ಕಲೆಗೆ ತಾಗಬಾರದು, ತಾಗಿದರೆ ಕಪ್ಪಾಗಿ ಉಳಿಯುತ್ತದೆ. ನಾನು ಎರಡನೆಯ ವಾರ ರೈಲಿನಲ್ಲಿ ಊರಿಗೆ ಹೋಗುತ್ತೇನೆಂದಾಗ ವೈದ್ಯರು ತಡೆದರು. ಗಂಟೆಗಟ್ಟಲೆ ಕಾಲು ಮಡಿಸಿ ಕೂರುವುದರಿಂದಲೂ ರಕ್ತ ಹೆಪ್ಪುಗಟ್ಟಬಹುದಂತೆ.

ದೊಂಬಿವಲಿ ಪೂರ್ವ

ಆಪರೇಷನ್ ಆಯಿತು. ಮನೆಗೆ ಬಂದಿದ್ದೇನೆ. ಬೆರಳು ಮಾತ್ರ ಚುರುಕಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೆಟ್ಟಿಲು: ಪ್ರತಿ ಮಹಡಿಯ ತಿರುವಿನಲ್ಲಿ ನೆರೆಯವರು ಒಂದೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಕೂತು, ಎದ್ದು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಎರಡನೆಯ ಮಹಡಿಯ ಅಜ್ಜಿ ಬಾಗಿಲಲ್ಲೇ ನಿಂತು "ಕಾಯ್ ಝಾಲಂ" (ಏನಾಯಿತು) ಎಂದು ಮರಾಠಿಯಲ್ಲಿ ಕೇಳಿದರು. ಹರ್ನಿಯಾ ಎಂದು ಪತಿ ಹೇಳಿಬಿಟ್ಟರು. ಹೊಕ್ಕುಳ ಹತ್ತಿರ ಸಣ್ಣ ಹರ್ನಿಯಾ ಇದ್ದದ್ದು ನಿಜ, ಅದನ್ನೂ ಇದರಲ್ಲೇ ಸರಿಪಡಿಸಿದ್ದಾರೆ. ಹಾಗಾಗಿ ಪೂರ್ತಿ ಸುಳ್ಳಲ್ಲ. ಆದರೆ ಹರ್ನಿಯಾ ಎಂದ ಮೇಲೆ ಅಜ್ಜಿಯ ಭಾವನಿಗೆ ಹರ್ನಿಯಾ ಆಗಿ ನಾಲ್ಕನೆಯ ದಿನ ಹೊಲಕ್ಕೆ ಹೋದ ಕಥೆ ಬಂತು. ಈಗ ದಿನಾ ಸಂಜೆ "ಇನ್ನೂ ಬಾಗಿಯೇ ನಡೆಯುತ್ತೀಯಲ್ಲ" ಎನ್ನುತ್ತಾರೆ. ಅತ್ತೆಯವರಿಗೆ ಮಾತ್ರ ಮೊದಲೇ ನಿಜ ಹೇಳಿದ್ದೆ, ಅದರಿಂದ ಮನೆಯೊಳಗೆ ನಾಟಕವಿಲ್ಲ. ಅವರ ಪ್ರೀತಿ ಬೇರೆ ದಾರಿ ಹಿಡಿದಿದೆ: ಬಾಣಂತಿಗೆ ಮಾಡುವ ಹಾಗೆ ಬಿಸಿ ಎಣ್ಣೆ ತಿಕ್ಕಿ, ಹಂಡೆ ನೀರು ಹೊಯ್ದು, ಸೊಂಟಕ್ಕೆ ಬಿಸಿನೀರಿನ ಚೀಲ ಇಡಬೇಕೆಂದು ಹಟ. ಏನು ಹೇಳಲಿ?

ಇನ್ನೊಂದು, ಬೆಲ್ಟು. ತೊಡೆಯ ಸಂದಿನಲ್ಲಿ ಮಡಿಕೆ ಬಿದ್ದು ಕೆಂಪು ಗೆರೆ ಮೂಡಿದೆ. ಬೆವರು ನಿಲ್ಲುವುದಿಲ್ಲ.

ಠಾಣೆಯ ದಾದಿ

ಬಿಸಿನೀರಿನ ಚೀಲ ಖಂಡಿತ ಬೇಡ. ಹೊಕ್ಕುಳ ಕೆಳಗಿನ ಚರ್ಮಕ್ಕೆ ಹೋಗುವ ಸಣ್ಣ ನರಗಳು ತುಂಡಾಗಿರುತ್ತವೆ, ತಿಂಗಳುಗಟ್ಟಲೆ ಅಲ್ಲಿ ಮರಗಟ್ಟಿದ ಹಾಗೆ ಇರುತ್ತದೆ. ಸುಡುವುದು ಗೊತ್ತಾಗುವುದೇ ಇಲ್ಲ, ಬೊಬ್ಬೆ ಎದ್ದ ಮೇಲೆ ನೋಡುತ್ತೀರಿ. ಐಸ್ ಕೂಡ ಹಾಗೆಯೇ. ಎಣ್ಣೆ, ಅರಿಶಿನ, ಬೇವಿನ ಲೇಪ ಯಾವುದೂ ಹೊಲಿಗೆಯ ಮೇಲೆ ಬೇಡ. ಸ್ನಾನ ಎಂದಿನಿಂದ ಎಂಬುದನ್ನು ಡ್ರೇನ್ ಮತ್ತು ಪಟ್ಟಿ ನೋಡಿ ನಿಮ್ಮ ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಿ. ಮೊದಲ ಸ್ನಾನಕ್ಕೆ ಬಚ್ಚಲಲ್ಲಿ ಕುರ್ಚಿ ಇರಲಿ, ನೀರು ಉಗುರುಬೆಚ್ಚಗಿರಲಿ, ಬಾಗಿಲ ಚಿಲಕ ಹಾಕಬೇಡಿ. ಬೆಲ್ಟು ಬಿಚ್ಚಿದ ಕ್ಷಣ ತಲೆ ಸುತ್ತಿ ಕೆಳಗೆ ಕೂತವರು ಬಹಳ ಮಂದಿ. ಮಲಗಿಕೊಂಡೇ ಬಿಚ್ಚಿ, ಐದು ನಿಮಿಷ ಬಿಟ್ಟು ಏಳಿ.

ಮುಲುಂಡಿನ ಅಕ್ಕ

ಅತ್ತೆಯವರಿಗೆ ಬೇರೆ ಕೆಲಸ ಕೊಡಿ. ಪ್ರೋಟೀನ್ ಅವರ ಖಾತೆ. ಹೆಸರುಕಾಳು, ಮೊಸರು, ಪನೀರ್, ತಿನ್ನುವವರಾದರೆ ಮೊಟ್ಟೆ, ಮೀನು. ನಿಮ್ಮಂತೆ ಜಠರ ಚಿಕ್ಕದಾಗಿಸಿಕೊಂಡವರಿಗೆ ಒಂದೇ ಸಲ ಹೆಚ್ಚು ಹೋಗುವುದಿಲ್ಲ, ಸ್ವಲ್ಪ ಸ್ವಲ್ಪ ಐದಾರು ಹೊತ್ತು. ಕಬ್ಬಿಣ, ಬಿ12 ಮಾತ್ರೆ ತಪ್ಪಿಸಬೇಡಿ. ಉಪ್ಪಿನಕಾಯಿ ಹಪ್ಪಳ ತಿಂದ ದಿನ ಸಂಜೆಗೆ ಹೊಟ್ಟೆ ಇನ್ನಷ್ಟು ಊದುತ್ತದೆ, ನೀವೇ ನೋಡುತ್ತೀರಿ. ಮಲಬದ್ಧತೆಗೆ ಮೊದಲ ದಿನದಿಂದಲೇ ಇಸಬಗೋಲು ಅಥವಾ ವೈದ್ಯರು ಕೊಟ್ಟ ಸಿರಪ್, ಜೊತೆಗೆ ಸಾಕಷ್ಟು ನೀರು. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಎರಡೂ ಕರುಳನ್ನು ಜಡ ಮಾಡುತ್ತವೆ, ಮುಕ್ಕರಿಸುವುದು ಒಳಹೊಲಿಗೆಗೆ ಒಳ್ಳೆಯದಲ್ಲ.

ಬೆಲ್ಟು ಸಾಮಾನ್ಯವಾಗಿ 4ರಿಂದ 6 ವಾರ. ಎರಡು ಇರಲೇಬೇಕು, ಒಂದು ಮೈಮೇಲೆ, ಒಂದು ತಂತಿಯ ಮೇಲೆ. ಕೈಯಲ್ಲಿ ಸೌಮ್ಯ ಸೋಪಿನಿಂದ ಒಗೆದು ಫ್ಯಾನಿನ ಕೆಳಗೆ ಒಣಗಿಸಿ. ಅರೆಒಣಗಿದ್ದನ್ನು ಕಟ್ಟಿದರೆ ಮತ್ತೆ ಫಂಗಸ್ಸಿನ ಕಥೆ ಶುರು. ಒಳಗೆ ಹೊಲಿಗೆ ಇಲ್ಲದ ತೆಳು ಹತ್ತಿ ಬನಿಯನ್ ತೊಡಬಹುದೇ ಎಂದು ವೈದ್ಯರನ್ನು ಕೇಳಿ, ನನಗೆ ಬಿಟ್ಟಿದ್ದರು. ಗಂಟೆಗೊಮ್ಮೆ ಬೆರಳಾಡಿಸಿ ಮಡಿಕೆ ಬಿಡಿಸಿ, ಒಂದೇ ಕಡೆ ಒತ್ತಿದರೆ ಆ ಗುಣಿ ಚರ್ಮದಲ್ಲಿ ಉಳಿಯುತ್ತದೆ. ಬಿಗಿ ಹೆಚ್ಚಾದಷ್ಟು ಹೊಟ್ಟೆ ಚಪ್ಪಟೆ ಎಂದು ಮೇಲಿನ ಕೊಂಡಿಗೆ ಎಳೆಯುವವರಿದ್ದಾರೆ. ಉಸಿರು ಪೂರ್ತಿ ತೆಗೆದುಕೊಳ್ಳಲಾಗದಿದ್ದರೆ, ಕಾಲು ಊದಿದರೆ, ಅದು ಅತಿಯಾಯಿತು. ಗಾಯದ ಹತ್ತಿರ ಪೌಡರ್ ಸುರಿಯಬೇಡಿ. ಆ ಕೆಂಪು ಗೆರೆಯ ಫೋಟೊ ತೆಗೆದು ಇವತ್ತೇ ವೈದ್ಯರಿಗೆ ಕಳಿಸಿ.

ನೈಟಿ ಬಿಟ್ಟು ಸೀರೆ, ಸಲ್ವಾರ್‌ಗೆ ಬಂದಾಗ ಇನ್ನೊಂದು ಸಮಸ್ಯೆ ಕಾದಿದೆ. ಲಂಗದ ಲಾಡಿ, ಸಲ್ವಾರಿನ ನಾಡ ಬೆಲ್ಟಿನ ಮೇಲೆ ಕೂತು ಒತ್ತುತ್ತವೆ, ಕೆಳಗೆ ಸರಿದರೆ ಹೊಲಿಗೆಯ ಗೆರೆಗೇ ಹೋಗುತ್ತವೆ. ಅಗಲ ಇಲಾಸ್ಟಿಕ್ ಹೊಲಿಸಿ, ಇಲ್ಲವೇ ಭುಜದಿಂದ ಇಳಿಯುವ ಉಡುಪು ತೊಡಿ.

ದೊಂಬಿವಲಿ ಪೂರ್ವ

ಫೋಟೊ ಕಳಿಸಿದೆ, ಒಂದು ಅಳತೆ ದೊಡ್ಡ ಬೆಲ್ಟು ಬರೆದುಕೊಟ್ಟರು. ಉಸಿರು ಬಂತು. ಅತ್ತೆ ಈಗ ಹೆಸರುಕಾಳಿನ ದೋಸೆಯ ಉಸ್ತುವಾರಿ.

ಒಂದು ಮಾತು ಕೇಳಬೇಕಿತ್ತು. ಡ್ರೇನ್ ತೆಗೆದ ದಿನ ಖುಷಿಯಾಗಬೇಕಿತ್ತು, ಮನೆಗೆ ಬಂದು ಅತ್ತುಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಊತ, ನೀಲಿ ಹಸಿರು ಕಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನಕ್ಕ ಹಾಗೆ ಉದ್ದ ಗಾಯ, ಹೊಕ್ಕುಳಲ್ಲಿ ಕಪ್ಪು ದಾರ. ಇಷ್ಟು ಖರ್ಚು ಮಾಡಿ, ಎಲ್ಲರನ್ನೂ ದುಡಿಸಿ, ಇದಕ್ಕಾಗಿಯೇ ಎನಿಸಿತು. ಮಗ ನೀರಿನ ಪೈಪ್ ಹಿಡಿದು ನಿಂತದ್ದನ್ನು ನೋಡಿದರೂ ಅಳು.

ವಾಸ್ಕೊದಿಂದ

ಎರಡನೆಯ ವಾರ ನನಗೂ ಹಾಗೆಯೇ ಆಯಿತು. ಅರಿವಳಿಕೆ, ಮಾತ್ರೆ, ನಿದ್ದೆಯಿಲ್ಲದ ರಾತ್ರಿಗಳು, ಒಂದೇ ಗೋಡೆ ನೋಡುವುದು, ಎಲ್ಲ ಸೇರಿರುತ್ತವೆ. ಊತದ ಬಹುಪಾಲು ಇಳಿಯಲು 3 ತಿಂಗಳು ಬೇಕು, ಪೂರ್ತಿ ಆಕಾರ ಬರಲು ಅದಕ್ಕಿಂತಲೂ ಹೆಚ್ಚು. ಈಗ ಕನ್ನಡಿಗೆ ಒಂದು ಟವೆಲ್ ಹೊದಿಸಿ. ಒಂದೆರಡು ವಾರದಲ್ಲಿ ಮನಸ್ಸು ಮೇಲೇಳದಿದ್ದರೆ, ಊಟ ನಿದ್ದೆ ಬಿಟ್ಟರೆ, ವೈದ್ಯರ ಕಿವಿಗೆ ಹಾಕಿ. ಹೊಲಿಗೆ ತೋರಿಸಲು ಹೋದಾಗ ಇದನ್ನೂ ಹೇಳಬಹುದು, ಅವರಿಗೆ ಇದು ಹೊಸದಲ್ಲ.

ಪುಣೆ ಹಿಂಜವಡಿ

ಮಗನಿಗೆ ಅವನ ಕೆಲಸ ಹಿಡಿಸಿರಬಹುದು. ಪೈಪ್ ಹಿಡಿದ ಹುಡುಗನಿಗೆ ಹೋಮ್‌ವರ್ಕ್ ಕೇಳುವವರಿಲ್ಲ.

ದೊಂಬಿವಲಿ ಪೂರ್ವ

ದಿಂಬು ಹಿಡಿಯದೆ ನಕ್ಕೆ. ತಪ್ಪು ನಿಮ್ಮದು.

ಇನ್ನು ಕಚೇರಿ. ನನ್ನದು ಫೋರ್ಟ್‌ನಲ್ಲಿ ಕುರ್ಚಿಯ ಕೆಲಸ. ಮೂರನೆಯ ವಾರದಿಂದ ಬರಬಹುದೆಂದು ವೈದ್ಯರ ಪತ್ರವಿದೆ. ಕೆಲಸಕ್ಕೆ ಹೆದರಿಕೆಯಿಲ್ಲ, ದೊಂಬಿವಲಿಯಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ವರೆಗಿನ ಲೋಕಲ್ ರೈಲಿಗೆ ಹೆದರಿಕೆ.

ಮುಲುಂಡಿನ ಅಕ್ಕ

ಕುರ್ಚಿಯ ಕೆಲಸಕ್ಕೆ ಅನುಮತಿ ಕೊಟ್ಟ ವೈದ್ಯರು ಬೆಳಗಿನ ಲೇಡೀಸ್ ಡಬ್ಬಿಯನ್ನು ಎಂದಾದರೂ ಹತ್ತಿದ್ದಾರೆಯೇ ಎಂದು ಕೇಳಿ. ಅಲ್ಲಿ ಯಾರ ಮೊಣಕೈ ಯಾರ ಹೊಟ್ಟೆಗೆ ಎಂದು ನಿಯಮವಿಲ್ಲ. ಸಾಧ್ಯವಾದರೆ ಆರನೆಯ ವಾರದವರೆಗೆ ಮನೆಯಿಂದಲೇ ಕೆಲಸ ಕೇಳಿ, ಪತ್ರದಲ್ಲಿ ಪ್ರಯಾಣದ ಬಗ್ಗೆಯೂ ಬರೆಸಿಕೊಳ್ಳಿ. ಹೋಗಲೇಬೇಕಾದರೆ ಕಲ್ಯಾಣ, ಕಸಾರಾ ಕಡೆಯಿಂದ ತುಂಬಿ ಬರುವ ಗಾಡಿ ಬೇಡ, ದೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿಯಿರಿ. ಕಿಟಕಿಯ ಪಕ್ಕ ಕೂತು ಚೀಲವನ್ನು ಹೊಟ್ಟೆಯ ಮುಂದೆ ಇಟ್ಟುಕೊಳ್ಳಿ. ಇಳಿಯುವಾಗ ಕೊನೆಯ ನಿಲ್ದಾಣವಾದ್ದರಿಂದ ಅವಸರವಿಲ್ಲ, ಎಲ್ಲರೂ ಇಳಿಯಲಿ. ಮರಳುವಾಗಿನ ತಲೆನೋವಿಗೆ ನನ್ನ ಬಳಿಯೂ ಮದ್ದಿಲ್ಲ, ಆರು ಗಂಟೆಯ ಮೊದಲೇ ಹೊರಡಲು ಬಿಡಿ ಎಂದು ಕಚೇರಿಯಲ್ಲಿ ಬೇಡಿಕೊಳ್ಳಿ.

ಠಾಣೆಯ ದಾದಿ

ಕಚೇರಿಯಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಿ. ಹೊಟ್ಟೆಯನ್ನು ಬೆರಳಿನಿಂದ ತಟ್ಟಿದಾಗ ಒಳಗೆ ನೀರು ಅಲುಗಿದ ಹಾಗೆ ಅನಿಸಿದರೆ ಸೆರೋಮ ಇರಬಹುದು, ಡ್ರೇನ್ ತೆಗೆದ ಮೇಲೂ ದ್ರವ ಕೂಡಿಕೊಳ್ಳುತ್ತದೆ. ಸೂಜಿಯಿಂದ ಎಳೆದು ತೆಗೆಯುತ್ತಾರೆ. ತಾನಾಗಿ ಇಳಿದೀತು ಎಂದು ಕಾಯಬೇಡಿ, ತೋರಿಸಿ.

ದೊಂಬಿವಲಿ ಪೂರ್ವ

ಕಚೇರಿಯವರು ಮನೆಯಿಂದ ಕೆಲಸಕ್ಕೆ ಒಪ್ಪಿದರು. ಬೆನ್ನು ನೆಟ್ಟಗಾಗಿದೆ, ಎರಡನೆಯ ಮಹಡಿಯ ಅಜ್ಜಿಗೆ ಸಮಾಧಾನವಾಗಿದೆ. ಈಗ ಕಲೆಗೆ ಸಿಲಿಕೋನ್ ಪಟ್ಟಿ ಬರೆದಿದ್ದಾರೆ. ಬೆವರಿಗೆ ಅಂಟು ನಿಲ್ಲದೆ ಸುರುಳಿ ಸುತ್ತುತ್ತದೆ. ಬೆಲೆ ನೋಡಿದರೆ ಎಸೆಯಲು ಮನಸ್ಸು ಬಾರದು.

ಠಾಣೆಯ ದಾದಿ

ಗಾಯ ಪೂರ್ತಿ ಮುಚ್ಚಿದ ಮೇಲೆಯೇ ಹಚ್ಚಬೇಕು, ಅದನ್ನು ಅವರು ನೋಡಿರುತ್ತಾರೆ. ಪಟ್ಟಿಯನ್ನು ದಿನಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಹಲವು ದಿನ ಮತ್ತೆ ಅಂಟುತ್ತದೆ. ಹಗಲು ಬೆವರುವಾಗ ಸಿಲಿಕೋನ್ ಜೆಲ್, ರಾತ್ರಿ ಫ್ಯಾನಿನ ಕೆಳಗೆ ಪಟ್ಟಿ, ಹೀಗೆ ಹಂಚಬಹುದೇ ಎಂದು ಕೇಳಿ. ಕಲೆ ಮೊದಲ ತಿಂಗಳುಗಳಲ್ಲಿ ಇನ್ನೂ ಕೆಂಪಾಗಿ ಉಬ್ಬಬಹುದು, ಮಾಸಲು 12ರಿಂದ 18 ತಿಂಗಳು ಹಿಡಿಯುತ್ತದೆ.

ಚೆಂಬೂರಿನವಳು

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನನಗೆ ಮುಂದಿನ ತಿಂಗಳು ತೊಡೆಯ ಚರ್ಮ ತೆಗೆಯುವುದಿದೆ. ನಾವಿರುವುದು ಹಳೆಯ ಚಾಳ್‌ನಲ್ಲಿ, ಕುಕ್ಕರಗಾಲಿನ ಶೌಚಾಲಯ ಮಾತ್ರ. ಕೂತು ಏಳುವುದು ಆಗುತ್ತದೆಯೇ?

ಮುಲುಂಡಿನ ಅಕ್ಕ

ಆಗುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತರೆ ಹೊಲಿಗೆ ಸರಿಯಾಗಿ ತೊಡೆಸಂದಿನಲ್ಲಿ ಬಿರಿಯುತ್ತದೆ. ಆ ಗುಂಡಿಯ ಮೇಲೆಯೇ ಇಡುವ ನಡುವೆ ತೂತಿರುವ ಎತ್ತರದ ಸ್ಟೂಲ್ ಬರುತ್ತದೆ, ಕಾಲಿಗೆ ರಬ್ಬರ್ ಬುಡ ಇರುವುದನ್ನೇ ನೋಡಿ. ಮುಗಿದ ಮೇಲೆ ಪ್ರತಿ ಸಲ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿಕೊಳ್ಳಬೇಕು. ಆ ಜಾಗಕ್ಕೆ ಸೋಂಕು ಬೇಗ. ಸ್ಟೂಲ್ ಕೊಳ್ಳಬೇಡಿ, ನನ್ನ ಅತ್ತಿಗೆಗೆ ತಂದದ್ದು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಭಾನುವಾರ ಯಾರನ್ನಾದರೂ ಮುಲುಂಡಿಗೆ ಕಳಿಸಿ, ತೊಳೆಸಿ ಇಟ್ಟಿರುತ್ತೇನೆ.